ಚಂದ್ರುವಿನ ಗಂಟಲು, ನನ್ನ ಕೈ

ಮೈಕ್ ಸೆಟ್ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ಉತ್ತರಹಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬಂದು ಮೊದಲು ಕೇಳುವುದು, ಯಾವ ಮಿಕ್ಸರ್ ತಗೊಳ್ಳಲಿ ಎಂದು. ನಾನು ಕೆಲಸ ಬಿಟ್ಟು ಕೂತಿದ್ದೇನೆ. ಈಗಿನ ಮಿಕ್ಸರುಗಳ ಹೆಸರು ನನ್ನ ಬಾಯಿಗೆ ತಿರುಗುವುದಿಲ್ಲ. ಕೇಬಲ್ ಸುತ್ತುವಾಗ ತಿರುಚಬೇಡಿ, ಮಳೆ ಹನಿ ಬಿದ್ದರೆ ಮೊದಲು ಮೇನ್ ಆಫ್ ಮಾಡಿ ಎಂದು ಹೇಳಿ, ಕಾಫಿ ಕೊಟ್ಟು ಕಳಿಸುತ್ತಿದ್ದೆ. ಹೇಳಬೇಕಾದದ್ದನ್ನು ಹೇಳುತ್ತಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನಗೆ ಬರೆದು ಅಭ್ಯಾಸವಿಲ್ಲ, ಕೇಳಿ ಅಭ್ಯಾಸ. ಮೈಕಿನ ಮುಂದೆ ಬಂದವನು ಒಂದು ಸಲ ‘ಹಲೋ’ ಎಂದರೆ ಸಾಕು, ಅವನಿಗೆ ನೆಗಡಿಯೋ, ಹೆದರಿಕೆಯೋ, ಮನೆಯಲ್ಲಿ ಜಗಳವಾಡಿ ಬಂದಿದ್ದಾನೋ ನನಗೆ ತಿಳಿಯುತ್ತಿತ್ತು. ಆ ಕಿವಿಯಿಂದಲೇ ನಮ್ಮ ಮನೆ ನಡೆಯಿತು. ನನ್ನ ತಮ್ಮನ ಗಂಟಲಿನಲ್ಲಿ ಕ್ಯಾನ್ಸರ್ ಹುಟ್ಟಿದಾಗಲೂ ಆ ಕಿವಿ ಮೋಸ ಮಾಡಲಿಲ್ಲ. ಅಲ್ಲೇನೋ ಸರಿಯಿಲ್ಲ ಎಂದು ಎಲ್ಲರಿಗಿಂತ ಮೊದಲು ಅದಕ್ಕೇ ಗೊತ್ತಾಯಿತು. ಗೊತ್ತಾದದ್ದನ್ನು ಮುಚ್ಚಿದ್ದು ನನ್ನ ಕೈ.

ತಮ್ಮನ ಹೆಸರು ಚಂದ್ರು. ಬನಶಂಕರಿ, ಜೆ.ಪಿ. ನಗರ, ಉತ್ತರಹಳ್ಳಿ ಕಡೆಯ ಹುಡುಗರಿಗೆ ಅವನು ಹಾರ್ನ್ ಚಂದ್ರು. ಕನ್ನಡದಲ್ಲಿ ರ‍್ಯಾಪ್ ಮಾಡುತ್ತಿದ್ದ. ಅವನನ್ನು ಒಮ್ಮೆಯೂ ಕಣ್ಣಲ್ಲಿ ನೋಡದ ಮಕ್ಕಳು ಬಸ್‌ಸ್ಟಾಪಿನಲ್ಲಿ ಬ್ಯಾಗು ತಟ್ಟುತ್ತಾ ಅವನ ಸಾಲು ಹೇಳುವುದನ್ನು ನಾನು ಕೇಳಿದ್ದೇನೆ. ಕೇಳಿದಾಗಲೆಲ್ಲ ಸಂತೋಷಪಡುವ ಹಕ್ಕು ನನಗಿಲ್ಲ ಎನಿಸಿ ಮುಂದಕ್ಕೆ ಹೋಗಿ ನಿಲ್ಲುತ್ತೇನೆ.

ಕೆಲಸದಿಂದಲೇ ಶುರು ಮಾಡುತ್ತೇನೆ. ನನ್ನನ್ನು ಸೇರಿಸಿಕೊಂಡವರು ಬನಶಂಕರಿಯಲ್ಲಿ ಸೌಂಡ್ಸ್ ಅಂಗಡಿ ಇಟ್ಟಿದ್ದ ಮುನಿರಾಜಣ್ಣ. ಆಗ ಹಾರ್ನ್ ಸ್ಪೀಕರುಗಳ ಕಾಲ. ಮರಕ್ಕೋ ಕಂಬಕ್ಕೋ ಹತ್ತಿ ಕಟ್ಟಬೇಕು. ಮುನಿರಾಜಣ್ಣ ಹೊಡೆಯುವವರಲ್ಲ, ಬಯ್ಯುವವರು. ಬೈಗುಳದ ನಡುವೆಯೇ ಪಾಠ. ಹೊಸತರಲ್ಲಿ ಒಂದು ಮದುವೆಗೆ ಹೋಗಿದ್ದೆವು. ಓಲಗದವರು ಊಟಕ್ಕೆ ಎದ್ದಾಗ ಅವರ ಮುಂದಿನ ಮೈಕನ್ನು ಆಫ್ ಮಾಡುವುದು ಮರೆತೆ. ಹೆಣ್ಣಿನ ಸೋದರಮಾವ ಅದರ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತು, “ಗಂಡಿನ ಮೂಗು ನೋಡಿದ್ರಾ? ಗೃಹಪ್ರವೇಶಕ್ಕೆ ಅವನಿಗಿಂತ ಮುಂಚೆ ಅದೇ ಒಳಗ್ ಹೋಗುತ್ತೆ” ಎಂದರು. ಛತ್ರಕ್ಕಷ್ಟೇ ಅಲ್ಲ, ಇಡೀ ರಸ್ತೆಗೆ ಕೇಳಿಸಿತು. ಮುನಿರಾಜಣ್ಣ ಊಟದೆಲೆ ಬಿಟ್ಟು ಓಡಿ ಬಂದು ವೈರ್ ಕಿತ್ತರು.

“ಲೋ ನಾಗ, ಸ್ಟೇಜ್ ಮೇಲಿರೋರ ಮಾನ ನಿನ್ ಕೈಲಿರುತ್ತೆ ಕಣೋ. ಜನಕ್ಕೆ ಏನ್ ಕೇಳಿಸ್ಬೇಕೋ ಅದಷ್ಟೇ ಕೇಳಿಸ್ಬೇಕು. ಉಳಿದಿದ್ದನ್ನ ನೀನು ನುಂಗ್ಬಿಡ್ಬೇಕು!”

ಆ ಮಾತನ್ನು ನಾನು ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಹಾರ್ನ್ ಹೋಗಿ ಡಬ್ಬದ ಸ್ಪೀಕರುಗಳು ಬಂದವು, ಧ್ವನಿ ತಿದ್ದಲು ಸಾಲುಸಾಲು ಗುಂಡಿಗಳ ಮಿಕ್ಸರ್ ಬಂತು. ಒಮ್ಮೆ ಜಯನಗರದಲ್ಲಿ ರಾಮನವಮಿ ಪೆಂಡಾಲು. ಹರಿಕಥೆಯ ದಾಸರು ಬಂದವರೇ ಕೈಸನ್ನೆ ಮಾಡಿ ಗಂಟಲು ತೋರಿಸಿದರು. ಧ್ವನಿ ಪೂರ್ತಿ ಕೂತುಹೋಗಿತ್ತು. ಜನ ಆಗಲೇ ಜಮಖಾನದ ಮೇಲೆ ಕೂತಿದ್ದರು, ಸಮಿತಿಯವರು ಬೆವರುತ್ತಿದ್ದರು. ಒಡಕು ಕೇಳುವ ಜಾಗವನ್ನು ಕಿವಿಯಲ್ಲೇ ಹುಡುಕಿ ಅದನ್ನು ಇಳಿಸಿದೆ, ಕೆಳಗಿನ ದಪ್ಪ ಏರಿಸಿದೆ, ಒಂದು ಚೂರು ಎಕೋ ಬಿಟ್ಟೆ. ಹರಿದ ಬಟ್ಟೆಗೆ ರಫು ಮಾಡಿದ ಹಾಗೆ. ಕಥೆ ಮುಗಿದ ಮೇಲೆ ದಾಸರು ನನ್ನ ಕೈ ಹಿಡಿದು ಪಿಸುದನಿಯಲ್ಲಿ, “ಇವತ್ತು ಕಥೆ ಮಾಡಿದ್ದು ನಾನಲ್ಲಪ್ಪ, ನೀನು” ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಅಂದಿನಿಂದ ಕೂತ ಗಂಟಲನ್ನು ಎಬ್ಬಿಸುವುದರಲ್ಲಿ ನನ್ನ ಹೆಸರು ಓಡಾಡಿತು. ಭಾಷಣದವರು, ಆರ್ಕೆಸ್ಟ್ರಾದವರು, ಎಲ್ಲರೂ ‘ಮೈಕ್ ನಾಗಣ್ಣ ಬರ್ತಾರಾ?’ ಎಂದು ಕೇಳಿಯೇ ನಮ್ಮ ಅಂಗಡಿಗೆ ಹೇಳುತ್ತಿದ್ದರು.

ಚಂದ್ರು, ಅಮ್ಮ ಇನ್ನೊಂದು ಮಗುವಿನ ಆಸೆ ಬಿಟ್ಟ ಮೇಲೆ ಹುಟ್ಟಿದವನು. ನನಗೆ ಆಗಲೇ ಮೀಸೆ ಬಂದಿತ್ತು. ಅಪ್ಪ ಬೇಗ ಹೋದದ್ದರಿಂದ ಅವನನ್ನು ಬೆಳೆಸಿದ್ದು ನಾನು, ಆಮೇಲೆ ನನ್ನ ಹೆಂಡತಿ ಸರೋಜ. ಬೇಸಿಗೆ ರಜೆಯಲ್ಲಿ ನಮ್ಮ ಟೆಂಪೋದಲ್ಲಿ ಹಾರ್ನುಗಳ ನಡುವೆ ಕೂತು ಬರುತ್ತಿದ್ದ. ಅವನಿಗೆ ಕೊಟ್ಟ ಕೆಲಸ ಮೈಕ್ ಟೆಸ್ಟಿಂಗ್. ಬೇರೆಯವರು ಒನ್, ಟೂ, ತ್ರೀ ಎನ್ನುತ್ತಾರೆ. ಇವನು ಬಾಯಿಗೆ ಬಂದದ್ದನ್ನೆಲ್ಲ ತಾಳಕ್ಕೆ ಹಾಕುತ್ತಿದ್ದ:

“ಹಲೋ ಹಲೋ ಮೈಕು, ಪಕ್ಕದ್ಮನೆ ಬೈಕು,
ಸ್ಟಾರ್ಟೇ ಆಗಲ್ಲ ಗುರು, ಬರೀ ಹೊಗೆನೇ ಸಾಕು!”

ಪೆಂಡಾಲು ಕಟ್ಟುವವರು ಹಗ್ಗ ಬಿಟ್ಟು ನಗುತ್ತಿದ್ದರು. ದೊಡ್ಡವನಾದ ಮೇಲೆ ಅದೇ ಅವನ ಕಸುಬಾಯಿತು. ಮೊದಲ ಸಲ ಅವನ ರ‍್ಯಾಪ್ ಕೇಳಿ, “ಇದೇನೋ, ಉಸಿರು ಬಿಡೋಕೂ ಜಾಗ ಇಲ್ಲ?” ಎಂದಿದ್ದೆ.

“ಉಸಿರು ಬಿಟ್ರೆ ನಿನ್ ಕಾಲದ್ ಹಾಡಾಗ್ಬಿಡುತ್ತೆ ಅಣ್ಣ.”

ಅವನ ಕಾರ್ಯಕ್ರಮ ಎಲ್ಲಿದ್ದರೂ ಮಿಕ್ಸರಿನ ಮುಂದೆ ನಾನೇ. ಬೇರೆ ಯಾರೂ ಅವನ ಗಂಟಲನ್ನು ಮುಟ್ಟಕೂಡದು ಎನ್ನುವಷ್ಟು ಹಮ್ಮು ನನಗೆ. ಇಲ್ಲಿ ಹೊಸಬರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ವೇದಿಕೆಯ ಮೇಲೆ ಇರುವವನಿಗೆ ಜನಕ್ಕೆ ಕೇಳುವ ಸ್ಪೀಕರ್ ಸರಿಯಾಗಿ ಕೇಳುವುದಿಲ್ಲ. ಅವನ ಕಾಲ ಬಳಿ ಅವನ ಕಡೆಗೇ ತಿರುಗಿಸಿ ಒಂದು ಸ್ಪೀಕರ್ ಇಡುತ್ತೇವೆ. ಅದನ್ನು ಮಾನಿಟರ್ ಎನ್ನುತ್ತೇವೆ. ಅವನಿಗೆ ತನ್ನ ಧ್ವನಿ ಹೇಗಿದೆ ಎಂದು ತಿಳಿಯುವುದು ಅದರಿಂದ. ಅದರಲ್ಲಿ ಏನು ಬರಬೇಕೆಂದು ತೀರ್ಮಾನಿಸುವುದು ನಾವು.

ಒಂದು ವರ್ಷ ಜೆ.ಪಿ. ನಗರದ ಗಣೇಶನ ಪೆಂಡಾಲಿನಲ್ಲಿ ಚಂದ್ರು ಮೈಕ್ ಹಿಡಿದು ‘ಹಲೋ’ ಎಂದ. ನನ್ನ ಕೈ ನಿಂತಿತು. ಅನ್ನದಲ್ಲಿ ಕಲ್ಲು ಕಡಿದ ಹಾಗೆ ಅವನ ಧ್ವನಿಯ ತಳದಲ್ಲಿ ಏನೋ ಸಿಕ್ಕಿತು.

“ಏನೋ ಗಂಟಲು?”

“ಐಸ್ ವಾಟರ್ ಕುಡ್ದೆ. ನೀನಿದ್ದೀಯಲ್ಲ, ಸರಿ ಮಾಡ್ಕೋ.”

ಸರಿ ಮಾಡಿದೆ. ಜನಕ್ಕೆ ಹೋಗುವ ಧ್ವನಿಯನ್ನೂ, ಮಾನಿಟರಿಗೆ ಹೋಗುವುದನ್ನೂ. ತನ್ನದೇ ಒಡಕು ಕಿವಿಗೆ ಬಿದ್ದರೆ ಹಾಡುವವನು ಗಾಬರಿಯಾಗಿ ಇನ್ನೂ ಕಿರುಚುತ್ತಾನೆ, ಇರುವ ಗಂಟಲೂ ಹೋಗುತ್ತದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಹಾಗೇ ಮಾಡುವುದು.

ನೆಗಡಿಯ ಒಡಕು ನಾಲ್ಕು ದಿನಕ್ಕೆ ಹೋಗುತ್ತದೆ. ಇದು ದಸರಾಕ್ಕೂ ಇತ್ತು. ರಾಜ್ಯೋತ್ಸವದ ಹೊತ್ತಿಗೆ ಹೆಚ್ಚಾಗಿತ್ತು. ನವೆಂಬರ್ ಎಂದರೆ ನಮಗೆ ಉಸಿರಾಡಲು ಪುರುಸೊತ್ತಿಲ್ಲ, ದಿನಕ್ಕೊಂದು ಬಡಾವಣೆ, ದಿನಕ್ಕೊಂದು ಬಾವುಟ. ಪ್ರತಿ ಸಲವೂ ಅದೇ ಗುಂಡಿ ಇನ್ನೊಂದು ಕೂದಲೆಳೆ ಹೆಚ್ಚು ತಿರುಗುತ್ತಿತ್ತು. ಜನ ಬಂದು, “ನಾಗಣ್ಣ, ಚಂದ್ರು ವಾಯ್ಸ್ ಈಗ ಸಖತ್ ಬೇಸ್ ಆಗಿದೆ ಗುರು” ಎನ್ನುತ್ತಿದ್ದರು. ಬೇಸ್ ಅವನದಲ್ಲ, ನನ್ನದು. ನನಗೆ ಒಳಗೊಳಗೆ ಹೆಮ್ಮೆ. ಹೆಮ್ಮೆಯ ಕೆಳಗೆ ಭಯ. ಬಾಯಿ ಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಹೇಳಲಿಲ್ಲ.

ಮನೆಯಲ್ಲಿ ಸರೋಜ ಗಮನಿಸಿದಳು. ಒಂದು ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು.

“ಚಂದ್ರು, ನಿನ್ ಧ್ವನಿ ಯಾಕೋ ಒಡೆದ ಮಡಕೆ ಥರ ಇದೆ. ಡಾಕ್ಟ್ರಿಗೆ ತೋರ್ಸೋ,” ಎಂದಳು.

“ಮಾತಾಡೋವಾಗ ಅಷ್ಟೇ ಅತ್ತಿಗೆ. ಸ್ಟೇಜ್ ಮೇಲೆ ಕ್ಲಿಯರ್ರಾಗಿದೆ, ನಾನೇ ಕೇಳಿಸ್ಕೊಳ್ತೀನಲ್ಲ. ಏನಾದ್ರೂ ಇದ್ರೆ ಅಣ್ಣಂಗೆ ಗೊತ್ತಾಗಲ್ವಾ?”

ಹಾಗೆಂದು ನನ್ನ ಕಡೆ ನೋಡಿದ. ಸರೋಜಳೂ ನೋಡಿದಳು. ನಾನು ಮುದ್ದೆ ಮುರಿದು ಸಾರಿಗೆ ಅದ್ದಿದೆ. “ಚಳಿಗಾಲ ಕಳೀಲಿ, ಸರಿಹೋಗುತ್ತೆ,” ಎಂದೆ.

ಈ ಕಸುಬಿಗೆ ಬರುವವರು ನನ್ನ ಬದುಕಿನಲ್ಲಿ ಒಂದೇ ಒಂದು ಗಳಿಗೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ. ಅವನು ಕೇಳಿದ, ನನಗೆ ಗೊತ್ತಿತ್ತು, ನಾನು ಊಟದ ತಟ್ಟೆ ನೋಡಿದೆ.

ಸಂಕ್ರಾಂತಿ ಕಳೆದ ಮೇಲೆ ಅವನಿಗೆ ನುಂಗುವುದು ಕಷ್ಟವಾಯಿತು. ಜಯನಗರದಲ್ಲಿ ಗಂಟಲಿನ ಡಾಕ್ಟರ ಹತ್ತಿರ ಹೋದೆವು. ಅವರು ಸಣ್ಣ ಕನ್ನಡಿ ಬಿಟ್ಟು ನೋಡಿದರು. ಮುಖ ಬದಲಾಯಿತು.

“ಎಷ್ಟು ದಿನದಿಂದ ಹೀಗಿದೆ?”

“ಸಂಕ್ರಾಂತಿ ಆದ್ಮೇಲಿಂದ ಸಾರ್,” ಎಂದ ಚಂದ್ರು. ಅವನು ಸುಳ್ಳು ಹೇಳಲಿಲ್ಲ, ನುಂಗುವ ಕಷ್ಟವನ್ನಷ್ಟೇ ಅವನು ಕಾಯಿಲೆ ಎಂದುಕೊಂಡಿದ್ದ.

ಡಾಕ್ಟರು ನನ್ನ ಕಡೆ ತಿರುಗಿದರು. “ಧ್ವನಿ ಬದಲಾಗಿದ್ದು ಮನೇಲಿ ಯಾರಾದ್ರೂ ಮುಂಚೆ ಗಮನಿಸಿದ್ರಾ?”

“ಇಲ್ಲ ಸಾರ್,” ಎಂದೆ.

ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅವನ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನಲ್ಲಿ ಒಂದು ತೂತು, ಅದರಲ್ಲಿ ಉಸಿರು. ಕೆಲವು ತಿಂಗಳು ಮೊದಲೇ ಬಂದಿದ್ದರೆ ಚಿಕಿತ್ಸೆಯ ದಾರಿ ಬೇರೆ ಇರುತ್ತಿತ್ತೇನೋ ಎಂದು ಅಲ್ಲಿನ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಕಾರಿಡಾರಿನಲ್ಲಿ ಹೇಳಿದರು. ಆಗ ಉಳಿದುಬಿಡುತ್ತಿದ್ದ ಎಂದು ನಾನು ಹೇಳಲಾರೆ, ಅವರೂ ಹೇಳಲಿಲ್ಲ. ಆ ‘ಏನೋ’ ಎಂಬುದು ನನ್ನ ಜೊತೆಗೇ ಏಳುತ್ತದೆ, ನನ್ನ ಜೊತೆಗೇ ಮಲಗುತ್ತದೆ.

ಮನೆಗೆ ಬಂದ ಮೇಲೆ ಚಂದ್ರು ಒಂದಷ್ಟು ದಿನ ಗೋಡೆ ನೋಡಿಕೊಂಡು ಕೂತ. ಆಮೇಲೆ ಒಂದು ದಿನ ಗೆಣ್ಣಿನಿಂದ ಟೇಬಲ್ ತಟ್ಟತೊಡಗಿದ. ತಾಳ ಸರಿಯಿತ್ತು. ಅವನ ಗೆಳೆಯ ಸತೀಶ ನೋಡಲು ಬಂದಿದ್ದ. ಬೆನ್ನಿಗೆ ಬೆನ್ನು ಕೊಟ್ಟು ಅವನ ಜೊತೆ ವೇದಿಕೆಯಲ್ಲಿ ನಿಲ್ಲುತ್ತಿದ್ದವನು. ಚಂದ್ರು ಮೊಬೈಲಿನಲ್ಲಿ ಸಾಲು ಟೈಪ್ ಮಾಡಿ ಅವನ ಮುಂದೆ ಹಿಡಿದು, ಹೇಳು ಎಂದು ಗದ್ದ ಎತ್ತಿದ. ಸತೀಶ ಹೇಳಿದ. ಇವನು ತಲೆ ಅಲ್ಲಾಡಿಸಿ, ಹಾಗಲ್ಲ ಎಂದು ಮತ್ತೆ ತಟ್ಟಿದ. ಮಾರನೆಯ ವಾರ ಇಬ್ಬರು ಬಂದರು, ಆಮೇಲೆ ಹತ್ತು ಜನ. ನಮ್ಮ ಮನೆ ಮುಂದೆ ಚಪ್ಪಲಿಗಳ ರಾಶಿ. ಗಂಟಲಿಲ್ಲದವನು ಗಂಟಲಿದ್ದವರಿಗೆ ಪಾಠ ಹೇಳುತ್ತಿದ್ದ. ಈಗ ಎಲ್ಲರ ಬಾಯಲ್ಲಿರುವ ಸಾಲು ಆಗ ಬರೆದದ್ದು:

“ಗಂಟ್ಲು ಹೋಯ್ತು ಮಗಾ, ಗತ್ತು ಹೋಗಿಲ್ಲ,
ನನ್ ಮಾತ್ ಆಡೋಕೆ ನನ್ ಬಾಯೇ ಬೇಕಿಲ್ಲ.
ನೀನೊಂದ್ ಸಾಲು ಹಿಡ್ಕೋ, ನಾನೊಂದ್ ಸಾಲು ಬಿಟ್ಟೆ,
ಬಸ್ ಸೀಟಿಗ್ ಕರ್ಚೀಫ್ ಹಾಕ್ದಂಗೆ ನಿಂಗೆ ಜಾಗ ಇಟ್ಟೆ.”

ಅಲ್ಲಿಂದ ಒಂದು ಪದ್ಧತಿ ಬೆಳೆಯಿತು. ಅವನ ಹುಡುಗರು ಎಲ್ಲಿ ರ‍್ಯಾಪ್ ಮಾಡಿದರೂ ಒಂದು ಸಾಲನ್ನು ಬೇಕೆಂದೇ ಹೇಳದೆ ಬಿಡುತ್ತಾರೆ. ಗುಂಪಿನಲ್ಲಿ ಯಾರಾದರೂ ಅದನ್ನು ಹಿಡಿದು ಮುಂದುವರಿಸಬೇಕು. ಕರ್ಚೀಫ್ ಸಾಲು ಎನ್ನುತ್ತಾರೆ. ಹಾಗೆ ಹಿಡಿದವರಲ್ಲಿ ಎಷ್ಟೋ ಜನ ಆಮೇಲೆ ವೇದಿಕೆ ಹತ್ತಿದ್ದಾರೆ.

ಒಂದು ಸಂಜೆ ಹುಡುಗರೆಲ್ಲ ಹೋದ ಮೇಲೆ ಚಂದ್ರು ಮೊಬೈಲನ್ನು ನನ್ನ ಕಡೆ ತಿರುಗಿಸಿದ. ‘ನನ್ ವಾಯ್ಸು ನಂಗೇ ಕೇಳಿಸ್ಲಿಲ್ವಲ್ಲಣ್ಣ’ ಎಂದು ಬರೆದಿದ್ದ.

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. “ಯಾರಿಗೂ ಕೇಳಿಸಿರ್ಲಿಲ್ಲ ಬಿಡೋ,” ಎಂದೆ.

ಅವನು ಮುಂದಿನ ಗಣೇಶನ ಹಬ್ಬ ನೋಡಲಿಲ್ಲ. ಸಾವಿಗೆ ಬಂದವರೆಲ್ಲ ಸಿಗರೇಟು ಎಂದರು. ಸೇದುತ್ತಿದ್ದುದು ನಿಜ. “ಹೌದು, ಹೇಳಿದ್ರೆ ಕೇಳ್ತಿರ್ಲಿಲ್ಲ,” ಎಂದು ನಾನೂ ಸೇರಿಸಿದೆ. ಆ ಹಬ್ಬಕ್ಕೆ ಮಿಕ್ಸರಿನ ಮುಂದೆ ಕೂತಾಗ ಕೈ ಏಳಲಿಲ್ಲ. ಅಲ್ಲಿಗೆ ಕೆಲಸ ಬಿಟ್ಟೆ. ವಯಸ್ಸಾಯಿತು ಎಂದು ಎಲ್ಲರಿಗೂ ಹೇಳಿದೆ.

ಪ್ರತಿವರ್ಷ ರಾಜ್ಯೋತ್ಸವದ ಗಲಾಟೆ ಮುಗಿದು ಮೈಕ್ ಸೆಟ್ಟುಗಳು ಖಾಲಿಯಾಗುವ ಹೊತ್ತಿಗೆ ಹುಡುಗರು ಬನಶಂಕರಿಯ ಒಂದು ಮೈದಾನದಲ್ಲಿ ಚಂದ್ರುವಿನ ಹೆಸರಲ್ಲಿ ಕಾರ್ಯಕ್ರಮ ಮಾಡುತ್ತಾರೆ. ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸುತ್ತಾರೆ. ಆ ಶಾಲುಗಳನ್ನು ನಾನು ಒಮ್ಮೆಯೂ ಬಿಡಿಸಿಲ್ಲ.

ಈ ಸಲ ಕೊನೆಗೆ ರ‍್ಯಾಪ್ ಮಾಡಬೇಕಾಗಿದ್ದವಳು ಪವಿತ್ರ. ಮಡಿವಾಳದ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಕರ್ಚೀಫ್ ಸಾಲು ಹಿಡಿದೇ ಮೇಲೆ ಬಂದವಳು. ಸಂಜೆ ಐದರ ಸುಮಾರಿಗೆ, ಜನ ಇನ್ನೂ ಬರುತ್ತಿದ್ದಾಗ, ಟೆಸ್ಟಿಂಗಿಗೆ ಮೈಕ್ ಹಿಡಿದು ‘ಹಲೋ’ ಎಂದಳು.

ನಾನು ಕುರ್ಚಿಯಿಂದ ಎದ್ದೆ.

ಅದೇ ಕಲ್ಲು ಎಂದು ಹೇಳುವುದಿಲ್ಲ. ಆದರೆ ಅನ್ನ ಅನ್ನದ ಹಾಗಿರಲಿಲ್ಲ. ಮುಂದಿನ ಮಾತಿಗೇ ಒಡಕು ಮಾಯವಾಯಿತು. ಮಿಕ್ಸರಿನ ಹತ್ತಿರ ಹೋದೆ. ಅಲ್ಲಿದ್ದವನು ಇರ್ಫಾನ್, ಒಳ್ಳೆಯ ಕೆಲಸಗಾರ. ಈಗ ಗುಂಡಿಗಳಿಲ್ಲ, ಕೈಯಲ್ಲಿ ಒಂದು ಟ್ಯಾಬ್.

“ಬನ್ನಿ ಅಂಕಲ್. ಇವ್ಳ ವಾಯ್ಸ್ ಸ್ವಲ್ಪ ರಫ್ಫಿದೆ, ಹೆಂಗ್ ಕ್ಲೀನ್ ಮಾಡಿದೀನಿ ನೋಡಿ. ಒಂದೇ ಟಚ್ಚು.”

“ಯಾವಾಗಿಂದ ಮಾಡ್ತಿದ್ದೀಯ?”

“ವರಮಹಾಲಕ್ಷ್ಮಿ ಹಬ್ಬದ ಶೋ ಇತ್ತಲ್ಲ, ಅವಾಗಿಂದ.”

“ಅವಳಿಗೆ ಗೊತ್ತಾ?”

“ಯಾಕ್ ಹೇಳ್ಬೇಕು ಅಂಕಲ್? ಕಾನ್ಫಿಡೆನ್ಸ್ ಹೋಗ್ಬಿಡುತ್ತೆ.”

ನನ್ನ ಬಾಯಿಂದಲೇ ಕದ್ದ ಮಾತಿನ ಹಾಗಿತ್ತು. ಮಾನಿಟರಿಗೆ ಅವಳ ಧ್ವನಿಯನ್ನು ಇದ್ದ ಹಾಗೇ ಕಳಿಸು ಎಂದೆ. ಅವನು ನಕ್ಕ. ನಾನು ನಗದೇ ಇದ್ದದ್ದು ನೋಡಿ ಟ್ಯಾಬನ್ನು ಎದೆಗೆ ಒತ್ತಿಕೊಂಡ.

“ಶೋ ಹಾಳಾಗುತ್ತೆ ಅಂಕಲ್. ಚಂದ್ರಣ್ಣನ ಪ್ರೋಗ್ರಾಂ ಇದು.”

“ಚಂದ್ರು ಪ್ರೋಗ್ರಾಂ ಆಗಿದ್ದಕ್ಕೇ ಹೇಳ್ತಿರೋದು. ಕಳ್ಸೋ.”

ನಾನು ವೇದಿಕೆ ಹತ್ತಿದೆ. ಪವಿತ್ರ ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು. ತಡೆದೆ. “ಗಂಟಲು ಯಾರಿಗಾದ್ರೂ ತೋರ್ಸಿದ್ಯೇನಮ್ಮ?”

“ಅಯ್ಯೋ, ಅಂಗಡೀಲಿ ಕೂಗಿ ಕೂಗಿ ಹಂಗಾಗಿದೆ ಅಂಕಲ್. ಮಾನಿಟರಲ್ಲಿ ಕೇಳಿ, ಸೂಪರ್ರಾಗಿದೆ” ಎಂದು ಮೈಕ್ ಎತ್ತಿ ಒಂದು ಸಾಲು ಹೇಳಿದಳು.

ಇರ್ಫಾನ್ ತಾನು ಕ್ಲೀನ್ ಮಾಡಿದ್ದನ್ನು ತೆಗೆದಿದ್ದ. ಅವಳ ಕಾಲ ಬಳಿಯ ಸ್ಪೀಕರಿನಿಂದ ಬಂದದ್ದು ತಗಡಿನ ಮೇಲೆ ಮರಳು ಎಳೆದ ಸದ್ದು. ಅವಳು ಹಿಂದಕ್ಕೆ ಸರಿದಳು.

“ಇದ್ಯಾರ್ ವಾಯ್ಸು?”

“ನಿಂದೇ. ಮೂರು ತಿಂಗಳಿಂದ ಹೀಗೇ ಇದೆ. ನಿಂಗೆ ಕೇಳಿಸ್ದಂಗೆ ಮಾಡಿದಾರೆ.”

ಇರ್ಫಾನ್ ಕಡೆ ನೋಡಿದಳು, ಮತ್ತೆ ನನ್ನ ಕಡೆ. “ಎಲ್ರಿಗೂ ಗಂಟ್ಲು ಕೂರುತ್ತೆ ಅಂಕಲ್. ಈಗ, ಶೋ ಟೈಮಲ್ಲಿ, ಯಾಕ್ ಹೆದರಿಸ್ತಿದ್ದೀರ? ನಿಮಗೇನ್ ಗೊತ್ತು?”

ಅವಳ ಕೈಯಲ್ಲಿದ್ದ ಮೈಕಿನ ಹಸಿರು ದೀಪ ಉರಿಯುತ್ತಿತ್ತು. ಇಬ್ಬರ ನಡುವೆಯೇ ಇತ್ತು ಮೈಕ್. ನನ್ನ ಕೈ ಅಭ್ಯಾಸದಂತೆ ಅದನ್ನು ಮುಚ್ಚಲು ಮುಂದಕ್ಕೆ ಹೋಯಿತು. ಅದನ್ನು ಹಿಂದಕ್ಕೆ ಎಳೆದುಕೊಂಡೆ.

“ಚಂದ್ರು ಗಂಟಲು ಕೆಟ್ಟಿದ್ದು ಗಣೇಶನ ಹಬ್ಬದಲ್ಲೇ ನಂಗೆ ಗೊತ್ತಾಗಿತ್ತು. ನಾನೇ ಮುಚ್ಚಿದ್ದು. ಅವನಿಗೂ ಕೇಳಿಸ್ದಂಗೆ ಮಾಡಿದ್ದು ನಾನೇ. ಅವನು ಕೇಳಿದ, ಆದ್ರೂ ನಾನು ಹೇಳ್ಲಿಲ್ಲ.”

ಮೈದಾನದ ಎರಡೂ ಕಡೆಯ ಸ್ಪೀಕರಿನಿಂದ ನನ್ನ ಮಾತು ನನಗೇ ವಾಪಸ್ ಬಂತು. ಇಷ್ಟು ವರ್ಷದಲ್ಲಿ ನನ್ನ ಧ್ವನಿಯನ್ನು ನಾನು ಹಾಗೆ ಕೇಳಿದ್ದು ಅದೇ ಮೊದಲು. ಕುರ್ಚಿ ಹಾಕುತ್ತಿದ್ದವರು ಕುರ್ಚಿ ಹಿಡಿದೇ ನಿಂತರು. ಮುಂದೆ ನಿಂತಿದ್ದ ಸತೀಶ ನಿಧಾನವಾಗಿ ವೇದಿಕೆಯ ಅಂಚಿಗೆ ಬಂದ.

“ಇಷ್ಟು ವರ್ಷ ಸಿಗರೇಟು ಸಿಗರೇಟು ಅಂದ್ರಲ್ಲ ನಾಗಣ್ಣ,” ಎಂದ. ಬೈದಿದ್ದರೆ ಹಗುರವಾಗುತ್ತಿತ್ತು. ಅಷ್ಟೇ ಹೇಳಿ ತಿರುಗಿ ನಡೆದ. ಆಮೇಲೆ ಅವನು ನಮ್ಮ ಮನೆಗೆ ಬಂದಿಲ್ಲ.

ಪವಿತ್ರ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೆಳಗಿಳಿದಳು. ಅವಳ ಸರದಿ ಬಂದಾಗ ವೇದಿಕೆಯ ಮೇಲೆ ಮೈಕ್ ಒಂದೇ ನಿಂತಿತ್ತು. ತಾಳ ಶುರುವಾಯಿತು, ಯಾರೂ ಬರಲಿಲ್ಲ. ಒಂದು ಸಾಲಿನಷ್ಟು ಹೊತ್ತು ಖಾಲಿ. ಎರಡನೆಯದಕ್ಕೆ ಹಿಂದಿನಿಂದ ಯಾರೋ ಹಿಡಿದರು, ಆಮೇಲೆ ಮೈದಾನವೇ ಹಿಡಿಯಿತು. ಅವಳ ಪಾಲನ್ನೆಲ್ಲ ಅವರೇ ಹೇಳಿದರು. ಇರ್ಫಾನ್ ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಜನದ ಧ್ವನಿಗೆ ಅವನು ಮಾಡುವಂಥದ್ದು ಏನೂ ಇರಲಿಲ್ಲ.

ಎರಡು ದಿನ ಬಿಟ್ಟು ಪವಿತ್ರಳೇ ಫೋನ್ ಮಾಡಿದಳು. ಕೋಪ ಇಳಿದಿರಲಿಲ್ಲ. “ಯಾವ ಡಾಕ್ಟ್ರು ಹೇಳಿ. ಒಬ್ಳೇ ಹೋಗೋಕೆ ಭಯ ಆಗುತ್ತೆ.” ಅವಳ ಗಂಟಲಲ್ಲಿ ಇದ್ದದ್ದು ಕೂಗಿ ಕೂಗಿ ಆದ ಗಂಟು, ಮಾತು ನಿಲ್ಲಿಸಿದರೆ ಇಳಿಯುವಂಥದ್ದು ಎಂದು ಆಮೇಲೆ ಗೊತ್ತಾಯಿತು. ಜಯನಗರದ ಆ ಕ್ಲಿನಿಕ್ಕಿನಲ್ಲಿ ಕಾಯುತ್ತಾ ಕೂತಾಗ ನಮಗೆ ಅದು ಗೊತ್ತಿರಲಿಲ್ಲ. ಅವಳು ಚೂಡಿದಾರದ ದುಪಟ್ಟಾ ತುದಿಯನ್ನು ಸುತ್ತುವುದು ಬಿಚ್ಚುವುದು ಮಾಡುತ್ತಿದ್ದಳು. ಒಳಗೆ ಕರೆದರು.

ಹಳೆಯ ಡಾಕ್ಟರ ಜಾಗದಲ್ಲಿ ಈಗ ಕೂತಿದ್ದ ಡಾಕ್ಟರಮ್ಮ ಪೆನ್ನು ಎತ್ತಿಕೊಂಡು ಕೇಳಿದರು. “ಎಷ್ಟು ದಿನದಿಂದ ಹೀಗಿದೆ?”

“ಒಂದ್ ವಾರ ಆಗಿರ್ಬೋದು ಮೇಡಂ,” ಎಂದಳು ಪವಿತ್ರ.

“ಇಲ್ಲ ಮೇಡಂ,” ಎಂದೆ. “ವರಮಹಾಲಕ್ಷ್ಮಿ ಹಬ್ಬದಿಂದ.”

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

“ನೀವು ಇವರಿಗೆ ಏನಾಗ್ಬೇಕು?”

“ಏನೂ ಆಗ್ಬೇಕಿಲ್ಲ ಮೇಡಂ. ನಾನು ಮೈಕ್ ಸೆಟ್ಟಿನವನು.”